ಮಹಡಿಯ ಸವೆಯದ ಹಲಗೆಗಳು

ಮೀರಾ ಮೆಸಾ

ಅಮೆರಿಕದಿಂದ ಬಂದ ಮೇಲೆ ಬೀದರಿನಲ್ಲಿ ಎಲ್ಲರೂ ಕೇಳಿದ್ದು ಸಮುದ್ರ ನೋಡಿದಿರಾ, ಹಾಲಿವುಡ್ ಬೋರ್ಡು ನೋಡಿದಿರಾ ಎಂದು. ಎರಡನ್ನೂ ಕಾರಿನ ಕಿಟಕಿಯಿಂದ ನೋಡಿದೆ. ನಾನು ಹತ್ತಿರ ನಿಂತು, ಮುಟ್ಟಿ, ಮೂಸಿ ನೋಡಿದ್ದು ಒಂದು ಹಳೆಯ ಟೈರ್ ಗೋದಾಮನ್ನು. ಅದರೊಳಗೆ ಕಳೆದ ಒಂದು ಮಧ್ಯಾಹ್ನವನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ತಂಗಿ ಸವಿತಾ ಮತ್ತು ಅವಳ ಗಂಡ ಗಿರೀಶ್ ಇರುವುದು ಸ್ಯಾನ್ ಡಿಯೇಗೊದ ಮೀರಾ ಮೆಸಾದಲ್ಲಿ. ಕೊತ್ತಂಬರಿ ಸೊಪ್ಪು ತರಲಿಕ್ಕೂ ಅಲ್ಲಿ ಕಾರು ಬೇಕು. ಕೊರೊನಾ ಕಾಲದಲ್ಲಿ ರದ್ದಾಗಿದ್ದ ನನ್ನ ಪ್ರವಾಸ ಕೊನೆಗೂ ಕೂಡಿಬಂದಿತ್ತು. ಸವಿತಾ ಆಸ್ಪತ್ರೆಯ ಲ್ಯಾಬಿಗೆ ಹೋದರೆ ನಾನು ಹಿತ್ತಲಿನಲ್ಲಿ ಕೂತು ಎದುರಿಗಿದ್ದ ಮನೆಯ ಚಿತ್ರ ಬರೆಯುತ್ತಿದ್ದೆ. ಬೀದರಿನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಮಾಡಿ, ಹಳೆಯ ಗೋಡೆ ಗುಮ್ಮಟಗಳನ್ನು ಅಳೆದು ನಕ್ಷೆ ತೆಗೆದು ನಿವೃತ್ತಳಾದವಳು ನಾನು. ಕೈ ಸುಮ್ಮನಿರುವುದಿಲ್ಲ.

ಒಂದು ದಿನ ಬೇಲಿಯಾಚೆಯಿಂದ ಬಿಳಿ ಕೂದಲ ಹೆಂಗಸೊಬ್ಬರು ನಿಂಬೆಹಣ್ಣಿನ ಚೀಲ ಚಾಚಿ, ನೀನು ಕಟ್ಟಡಗಳನ್ನು ಓದಬಲ್ಲೆಯಂತೆ ಹೌದಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಕ್ಕದ ಮನೆಯ ಲೂಪೆ. ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಮುಖ, ಮಾತು, ಅಡುಗೆ ಎಲ್ಲ ಮೆಕ್ಸಿಕೋದವು. ಹೆಸರು ಮಾತ್ರ ಗುವಾಡಲೂಪೆ ಸಿಂಗ್. ಅವರ ಅಜ್ಜ ಪಂಜಾಬಿನ ಜಲಂಧರ್ ಕಡೆಯ ಹಳ್ಳಿಯಿಂದ ಹಡಗು ಹತ್ತಿ ಬಂದು ಇಲ್ಲಿ ಹೊಲದ ಕೆಲಸಕ್ಕೆ ಸೇರಿ, ಮೆಕ್ಸಿಕೋದ ಹುಡುಗಿಯನ್ನು ಮದುವೆಯಾಗಿದ್ದರಂತೆ. ಹಾಗೆ ಬಂದ ಸಿಂಗ್‌ಗಳು ಗಡಿಯ ಹತ್ತಿರದ ಒಂದು ಊರಿನಲ್ಲಿ ಸೇರಿ ಪೂಜೆ ಮಾಡಲು ಒಂದು ಕಟ್ಟಡ ಇಟ್ಟುಕೊಂಡಿದ್ದರು ಎಂದು ಲೂಪೆಯ ಅಪ್ಪ ಹೇಳುತ್ತಿದ್ದರು. ಅಜ್ಜನ ಬಗ್ಗೆ ಅಪ್ಪ ಹೇಳಿದ್ದು ಬಹಳ ಕಡಿಮೆ. ಹೊಲದಿಂದ ಕೆಸರು ಬಟ್ಟೆಯಲ್ಲೇ ಬರುತ್ತಿದ್ದ ಕಾರಣ ಅಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದನಂತೆ. ಅಷ್ಟೇ. ಅಜ್ಜನದೊಂದು ಫೋಟೊ ಇಲ್ಲ, ಗೋರಿ ಇಲ್ಲ.

ಆ ಕಟ್ಟಡವನ್ನು ಬರುವ ಸೋಮವಾರ ಕೆಡವುತ್ತಾರೆ ಎಂದರು ಲೂಪೆ. ಈಗಿನ ಗುರುದ್ವಾರದವರು ಒಮ್ಮೆ ಬಂದು ನೋಡಿ, ಗುರುದ್ವಾರವಾಗಿತ್ತು ಎನ್ನಲು ಗುರುತೇನೂ ಸಿಗುತ್ತಿಲ್ಲ ಎಂದು ಬೇಸರದಿಂದಲೇ ಹೇಳಿಹೋಗಿದ್ದರು. ಹಳೆಯ ಕಟ್ಟಡಗಳನ್ನು ಉಳಿಸುವ ಊರಿನ ಕಮಿಟಿಯವರೂ ಅದನ್ನೇ ಹೇಳಿದ್ದರು.

ನಾನು ಬೆಳೆದದ್ದು ಬೀದರಿನ ನಾನಕ್ ಝೀರಾ ಗುರುದ್ವಾರದ ಹಿಂದಿನ ಓಣಿಯಲ್ಲಿ. ಝೀರಾದ ಬುಗ್ಗೆಯ ನೀರು ಕುಡಿದು, ಬಂದವರಿಗೆಲ್ಲ ಬಡಿಸುವ ಲಂಗರಿನ ದಾಲ್ ಉಂಡು ದೊಡ್ಡವಳಾದವಳು. ಗೆಳತಿ ಜಸ್ಬೀರಳ ಮನೆ ನನ್ನ ಇನ್ನೊಂದು ಮನೆಯೇ ಆಗಿತ್ತು. ಆ ಮನೆಯ ಮಾಳಿಗೆ ಕೋಣೆಯಲ್ಲಿ ಯಾರೂ ಮಲಗದ ಮಂಚವೊಂದು ನಟ್ಟ ನಡುವೆ ನಿಂತಿರುತ್ತಿತ್ತು. ಮುಟ್ಟಾಟ ಆಡುವಾಗ ನಮ್ಮ ಮೊಣಕಾಲುಗಳೆಲ್ಲ ಅದಕ್ಕೇ ಬಡಿಯುತ್ತಿದ್ದವು. ಇದನ್ನೆಲ್ಲ ಲೂಪೆಗೆ ಹೇಳಿ, ನಡೀರಿ ನೋಡೋಣ ಅಂದುಬಿಟ್ಟೆ.

ಗಿರೀಶರ ಮುಖ ಸಣ್ಣದಾಯಿತು. ಟೆಲಿಕಾಂ ಎಂಜಿನಿಯರು, ಬೆಂಗಳೂರಿನ ಬಸವನಗುಡಿಯವರು, ರಸ್ತೆ ದಾಟಲಿಕ್ಕೂ ಒಂದು ಕಾನೂನು ಓದಿ ದಾಟುವ ಮನುಷ್ಯ. ಅವರ ಗ್ರೀನ್ ಕಾರ್ಡು ಇನ್ನೂ ಬಂದಿರಲಿಲ್ಲ.

“ಅಕ್ಕ, ನೀವು ವಿಸಿಟರ್ ವೀಸಾದಲ್ಲಿ ಬಂದಿದೀರ. ಯಾರದೋ ಪ್ರಾಪರ್ಟಿ ಒಳಗೆ ಹೋಗಿ, ಪೊಲೀಸ್ ಬಂದು, ನಮ್ ಹೆಸರು ಎಲ್ಲಾದ್ರೂ ಎಂಟ್ರಿ ಆದ್ರೆ ಮುಗೀತು ಕಥೆ.”

“ಹಂಗಾರ ಮಾಲಕನ್ನ ಕೇಳೇ ಹೋಗೂಣ್ರಿ. ಕೇಳಾಕ ವೀಸಾ ಬೇಕೇನ್ರಿ?” ಎಂದೆ.

ಚಾಟ್ಸ್‌ವರ್ತ್

ಮಾಲೀಕನ ಹೆಸರು ಡೇವಿಡ್. ಅವನ ಬಡಗಿ ಕಾರ್ಖಾನೆ ಇದ್ದದ್ದು ಲಾಸ್ ಏಂಜಲೀಸಿನ ಆಚೆ ತುದಿಯ ಚಾಟ್ಸ್‌ವರ್ತಿನಲ್ಲಿ. ಶನಿವಾರ ಗಿರೀಶರೇ ಕಾರು ತೆಗೆದರು. ಹೆದರಿದ ಮನುಷ್ಯ ಹಿಂದೆ ಉಳಿಯುವುದಕ್ಕಿಂತ ಜೊತೆಗೆ ಬಂದು ಕಾಯುವುದೇ ಮೇಲೆಂದು ತಿಳಿದಿರಬೇಕು. ದಾರಿಯುದ್ದಕ್ಕೂ ಲೂಪೆ ಮುಂದಿನ ಸೀಟಿನಲ್ಲಿ ಕೂತು, ಎಡಕ್ಕೆ ಬಾ, ಈಗ ಬೇಡ, ಈಗ ಬಾ ಎಂದು ಹೇಳುತ್ತಲೇ ಇದ್ದರು. ಗಿರೀಶರು ಸ್ಟೀರಿಂಗನ್ನು ಮಗುವಿನ ಕೈ ಹಿಡಿದಂತೆ ಹಿಡಿದಿದ್ದರು. ನಮ್ಮ ಹುಮನಾಬಾದ್ ರಸ್ತೆಯಲ್ಲಿ ಲಾರಿಗಳು ಹಾರ್ನು ಹೊಡೆದು ಸಿಟ್ಟು ತೀರಿಸಿಕೊಳ್ಳುತ್ತವೆ. ಇಲ್ಲಿ ಆರು ಸಾಲು ಕಾರುಗಳು ಸದ್ದಿಲ್ಲದೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಓಡುತ್ತವೆ. ನನಗೆ ಆ ಮೌನವೇ ಹೆಚ್ಚು ಭಯ ಹುಟ್ಟಿಸಿತು.

ಡೇವಿಡ್ ಆನೆಯಂಥ ಆಳು. ಹುಬ್ಬಿನ ಮೇಲೆಲ್ಲ ಮರದ ಪುಡಿ. ಅವನನ್ನು ಕೆಟ್ಟವನೆಂದು ಬಯ್ಯುತ್ತ ಹೋಗಿದ್ದೆ, ಹಾಗೆ ಬಯ್ಯಲು ಅವನು ಅವಕಾಶವನ್ನೇ ಕೊಡಲಿಲ್ಲ. ಕುರ್ಚಿ ಹಾಕಿದ, ನೀರು ಕೊಟ್ಟ. ಮಾವನಿಂದ ಬಂದ ಕಟ್ಟಡ, ಅರ್ಧ ಕೊಳೆತುಹೋಗಿದೆ, ಮಕ್ಕಳು ನುಗ್ಗಿ ಬಿದ್ದು ಕಾಲು ಮುರಿದುಕೊಂಡರೆ ಜೈಲಿಗೆ ಹೋಗುವವನು ನಾನು ಎಂದ. ಕೆಡವಲು ಅನುಮತಿ ಸಿಕ್ಕಿದ ಮೇಲೆಯೇ ಎಲ್ಲರಿಗೂ ಅದರ ಇತಿಹಾಸ ನೆನಪಾಗುತ್ತಿದೆ ಎಂದೂ ಹೇಳಿದ. ಅವನಿಗೆ ತಿಳಿದ ಮಟ್ಟಿಗೆ ಅದು ಕೂಲಿಗಳು ರಾತ್ರಿ ಮಲಗುತ್ತಿದ್ದ ವಸತಿ ಮನೆ, ಆಮೇಲೆ ತರಕಾರಿ ಗೋದಾಮು, ಆಮೇಲೆ ಟೈರು.

ಲೂಪೆ ಬೇಡಿಕೊಳ್ಳಲಿಲ್ಲ. ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ನೋಡಿದಂತೆ ಅವನನ್ನು ನೋಡುತ್ತ ಕೂತರು. ಕೊನೆಗೆ ಅವನೇ ಸೋತು, ನಾಳೆ ಬೆಳಿಗ್ಗೆ ಬಾಗಿಲು ತೆಗೆಸಿಡುತ್ತೇನೆ ಎಂದ. ಮಧ್ಯಾಹ್ನದ ಮೇಲೆ ಯಂತ್ರದವನ ಜೊತೆ ತಾನೇ ಬರುತ್ತೇನೆ, ಅಷ್ಟರೊಳಗೆ ನೋಡಿಕೊಳ್ಳಿ ಎಂದ.

“ದೇವಸ್ಥಾನ ಕೆಡವಿದವನು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ,” ಎಂದ ಬಾಗಿಲವರೆಗೆ ಬಂದು. “ಆದರೆ ಒಂದನ್ನಾದರೂ ತೋರಿಸಿ. ಮೊಳೆಯೂ ಕಲೆಯೂ ಅಲ್ಲದ ಒಂದನ್ನು.”

ಒಳಗೆ ಬಿದ್ದರೆ ನಮ್ಮದೇ ತಪ್ಪು ಎಂಬ ಕಾಗದಕ್ಕೆ ಸಹಿ ಹಾಕಬೇಕಾಯಿತು. ಗಿರೀಶರು ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದರು. ಲೂಪೆ ಒಂದನ್ನೂ ಓದದೆ ಸಹಿ ಹಾಕಿದರು.

ವಾಲ್‌ನಟ್

ಬರುವಾಗ ವಾಲ್‌ನಟ್‌ನಲ್ಲಿ ಇಳಿದೆವು. ಆ ಕಟ್ಟಡವನ್ನು ಒಳಗಿನಿಂದ ಕಂಡವರಲ್ಲಿ ಬದುಕಿರುವವರು ಒಬ್ಬರೇ, ಲೂಪೆಯ ಅಪ್ಪನ ಬಾಲ್ಯದ ಗೆಳೆಯ ಹೋಸೆ ಸಿಂಗ್. ತೊಂಬತ್ತರ ಆಸುಪಾಸಿನ ಮುದುಕ. ಮಗಳ ಮನೆಯಲ್ಲಿದ್ದಾರೆ. ಒಂದೇ ಅಳತೆಯ ಹುಲ್ಲು, ಒಂದೇ ಬಣ್ಣದ ಗೋಡೆ, ಯಾವ ಮನೆ ಯಾರದೆಂದು ಗೊತ್ತಾಗದ ಬೀದಿ. ತಪ್ಪು ಮನೆಯ ಗಂಟೆ ಒತ್ತಿ ಒಬ್ಬ ಚೀನೀ ಅಜ್ಜಿಯಿಂದ ಬೈಸಿಕೊಂಡ ಮೇಲೆ ಸರಿಯಾದ ಮನೆ ಸಿಕ್ಕಿತು.

ಹೋಸೆ ಅಜ್ಜನಿಗೆ ನೆನಪಿದ್ದದ್ದು ಊಟ. ದೊಡ್ಡ ಕಡಾಯಿಯಲ್ಲಿ ಬೇಯುತ್ತಿದ್ದ ಕಾಳು, ಮೆಕ್ಸಿಕೋದ ರೊಟ್ಟಿಯೋ ಪಂಜಾಬಿನ ರೊಟ್ಟಿಯೋ ಎಂದು ಹೇಳಲಾಗದ ದಪ್ಪ ರೊಟ್ಟಿ, ಹಸಿಮೆಣಸಿನಕಾಯಿ. ಹೇಳುತ್ತ ಹೇಳುತ್ತ ಕಣ್ಣು ಮಿನುಗಿದವು. ಪ್ರಾರ್ಥನೆ ಎಲ್ಲಿ ಮಾಡುತ್ತಿದ್ದರು ಎಂದು ಲೂಪೆ ಕೇಳಿದಾಗ ಮಾತ್ರ ತಡವರಿಸಿದರು. ಕೆಳಗೆ ಮೇಜಿತ್ತು, ಬಟ್ಟೆ ಇತ್ತು, ಗಂಡಸರು ಹಾಡುತ್ತಿದ್ದರು. ಅದು ಪ್ರಾರ್ಥನೆಯೋ ಸುಮ್ಮನೆ ಊರಿನ ಹಾಡೋ ತನಗೇನು ಗೊತ್ತು ಎಂದರು. ಆಮೇಲೆ, ಅದು ಮಲಗುವ ಮನೆ ಲೂಪೆ, ಎಂದರು. ಮಹಡಿಯ ತುಂಬ ಮಂಚಗಳು. ಬೂಟು ಹಾಕಿಕೊಂಡೇ ಮಲಗುವ ಗಂಡಸರು. ಜಾಗ ಸಾಲದೆ ಇಬ್ಬರು ಮೆಟ್ಟಿಲ ಮೇಲೆ ಒರಗಿಕೊಂಡೇ ರಾತ್ರಿ ಕಳೆಯುತ್ತಿದ್ದರು, ಅವರಲ್ಲಿ ಒಬ್ಬ ನನ್ನಪ್ಪ ಎಂದರು ಹೋಸೆ ಅಜ್ಜ.

ಡೇವಿಡ್ ಹೇಳಿದ್ದೂ ಅದನ್ನೇ. ನಮಗಿದ್ದ ಒಬ್ಬರೇ ಸಾಕ್ಷಿ ಎದುರು ಪಕ್ಷಕ್ಕೆ ಹೋಗಿ ನಿಂತಿದ್ದರು. ಕಾರಿನಲ್ಲಿ ಲೂಪೆ, ನನ್ನಪ್ಪ ಸುಳ್ಳು ಹೇಳುವವನಲ್ಲ, ಆದರೆ ಆಸೆ ಇರುವವನು ಎಂದರು. ಬೇಲಿಯಾಚೆ ನಿಂತು ದೊಡ್ಡ ಮಾತಾಡಿ ಆ ಜೀವಕ್ಕೆ ಆಸೆ ಹುಟ್ಟಿಸಿದವಳು ನಾನೇ ಅಲ್ಲವೇ.

ಗಡಿಯ ಹತ್ತಿರದ ಊರು

ಊರಿನ ಹೆಸರು ಬರೆಯುವುದಿಲ್ಲ, ಡೇವಿಡ್‌ಗೆ ಕೊಟ್ಟ ಮಾತು. ಗಡಿಯ ಬೇಲಿ ಗುಡ್ಡದ ಮೇಲೆ ಕಂದು ಗೆರೆಯಂತೆ ಕಾಣುವಷ್ಟು ಹತ್ತಿರ. ಹೆಲಿಕಾಪ್ಟರೊಂದು ಸುತ್ತುತ್ತಲೇ ಇತ್ತು. ಗಡಿ ಕಾವಲಿನ ವಾಹನವೊಂದು ನಮ್ಮ ಕಾರನ್ನು ನಿಧಾನವಾಗಿ ದಾಟಿ ಹೋದಾಗ ಗಿರೀಶರು ಜೇಬಿನಲ್ಲಿದ್ದ ಪಾಸ್‌ಪೋರ್ಟುಗಳನ್ನು ಮುಟ್ಟಿ ನೋಡಿಕೊಂಡರು. ನನ್ನದನ್ನೂ ಅವರೇ ಇಟ್ಟುಕೊಂಡಿದ್ದರು.

ಕಟ್ಟಡದ ಅಂಗಳದಲ್ಲಿ ಹಳದಿ ಬಣ್ಣದ ಯಂತ್ರ ಆಗಲೇ ಬಂದು ನಿಂತಿತ್ತು. ಅದನ್ನು ನೋಡಿ ಲೂಪೆ ಒಂದು ಹೆಜ್ಜೆ ಹಿಂದೆ ಸರಿದರು.

ಒಳಗೆ ರಬ್ಬರಿನ ವಾಸನೆ. ಸಿಮೆಂಟು ನೆಲ, ಸುಣ್ಣದಂಥ ದಪ್ಪ ಬಿಳಿ ಬಣ್ಣ ಬಳಿದ ಗೋಡೆ. ತಲೆಯ ಮೇಲೆ ಮಹಡಿಯ ತೊಲೆಗಳೂ ಹಲಗೆಗಳೂ ಬರಿದಾಗಿ ಕಾಣುತ್ತಿದ್ದವು, ಅವಕ್ಕೂ ಅದೇ ಬಣ್ಣ. ತೊಲೆಗಳಲ್ಲಿ ಅಲ್ಲಲ್ಲಿ ಮೊಳೆ, ಸರಪಳಿ, ಕೊಕ್ಕೆ. ತರಕಾರಿ ತೂಗಲು ಹಾಕಿರಬೇಕು ಎಂದುಕೊಂಡೆ. ಲೂಪೆ ಮೆಟ್ಟಿಲು ಹತ್ತಲಾರರು. ನೆಲಕ್ಕೆ ಕೂತು ಹತ್ತು ವರ್ಷವಾಯಿತು, ಮೊಣಕಾಲು ಮಡಚುವುದೇ ಇಲ್ಲ ಎಂದು ದಾರಿಯಲ್ಲಿ ಹೇಳಿದ್ದರು. ಬೆಳಗಿನ ಹೊತ್ತೆಲ್ಲ ಕೆಳಗಿನ ಗೋಡೆಗಳನ್ನು ಅಂಗುಲ ಅಂಗುಲ ತಡವಿದೆ. ಒಂದು ಅಕ್ಷರ, ಒಂದು ಗುರುತು, ಒಂದು ಗೂಡು ಸಿಗಲಿಲ್ಲ. ಲೂಪೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಹಸಿವಿಲ್ಲ ಎಂದು ಕಾರಿಗೆ ಹೋಗಿ ಕೂತರು.

ನಾನು ಗಿರೀಶರನ್ನು ಎಳೆದುಕೊಂಡು ಮಹಡಿ ಹತ್ತಿದೆ. ಮೆಟ್ಟಿಲ ತುದಿಯಲ್ಲೇ ಒಂದು ಹಲಗೆ ನನ್ನ ಕಾಲ ಕೆಳಗೆ ಲಟಕ್ಕನೆ ಮುರಿದು ಮೀನಖಂಡದವರೆಗೆ ಕಾಲು ಒಳಗಿಳಿಯಿತು. ಗಿರೀಶರು ತೋಳು ಹಿಡಿದು ಎತ್ತಿದರು. ಹೋಸೆ ಅಜ್ಜ ಹೇಳಿದ ಮಲಗುವ ಮನೆ ಇದೇ. ಮಂಚದ ಕಾಲುಗಳು ಕೊರೆದ ಗುಳಿಗಳು ಸಾಲುಸಾಲಾಗಿದ್ದವು. ಬೂಟಿನ ಮೊಳೆಗಳು ಹಲಗೆಗಳನ್ನು ಬಟ್ಟಲಿನಂತೆ ಸವೆಸಿದ್ದವು. ಗೋಡೆಯ ಬದಿಯೆಲ್ಲ ಮಳೆ ನೀರು ಕುಡಿದು ಕೊಳೆತಿತ್ತು. ಆ ತುದಿಯಲ್ಲಿ, ಕಿಟಕಿಯಿಂದ ಸ್ವಲ್ಪ ಈಚೆಗೆ, ಒಂದು ಚಾಪೆ ಹಾಸುವಷ್ಟು ಜಾಗ ಮಾತ್ರ ಗಟ್ಟಿಯಾಗಿತ್ತು, ಶುಚಿಯಾಗಿತ್ತು. ಅಲ್ಲಿ ಹೋಗಿ ಉಸ್ಸೆಂದು ಕೂತುಬಿಟ್ಟೆ.

ಹೊತ್ತು ಮೀರಿತ್ತು. ಬೀದರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆ. ಖಡಕ್ ರೊಟ್ಟಿ ಮುರಿದರೆ ಚೂರು ಹಾರದೆ ಇರುತ್ತದೆಯೇ. ಗಿರೀಶರ ಪ್ಯಾಂಟಿನ ತುಂಬ, ಹಲಗೆಗಳ ತುಂಬ ಚೂರು. ಹಲಗೆಯ ಮೇಲೆ ಕೈಯೂರಿದಾಗ ಅಂಗೈಗೆ ನುಣುಪು ತಾಕಿತು. ಹಳೆಯ ವಾರ್ನಿಷ್ ಇನ್ನೂ ಇತ್ತು. ಅಂಚುಗಳು ಬಡಗಿ ಈಗ ತಾನೇ ಕೊಯ್ದು ಹೋದಂತೆ ಚೂಪಾಗಿದ್ದವು. ಇಲ್ಲಿ ಯಾರೂ ನಡೆದಿಲ್ಲವಲ್ಲ ಎನ್ನಿಸಿತು. ಜಾಗ ಸಾಲದೆ ಮೆಟ್ಟಿಲ ಮೇಲೆ ಮಲಗುತ್ತಿದ್ದ ಮನೆಯಲ್ಲಿ ಇಷ್ಟು ಒಳ್ಳೆಯ ಜಾಗವನ್ನು ಖಾಲಿ ಯಾಕೆ ಬಿಟ್ಟರು?

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಜಸ್ಬೀರಳ ಮನೆಯ ಮಂಚ ಕಣ್ಣ ಮುಂದೆ ಬಂತು. ಒಮ್ಮೆ ನಾವು ಹುಡುಗಿಯರು ಅದನ್ನು ಎಳೆದು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಕೂತು ಕುಂಟೆಬಿಲ್ಲೆಯ ಮನೆ ಬರೆಯುತ್ತಿದ್ದೆವು. ಜಸ್ಬೀರಳ ತಾಯಿ ಬೀಜಿ ಓಡಿ ಬಂದು ರಟ್ಟೆ ಹಿಡಿದು ಎಬ್ಬಿಸಿದ್ದರು. ಆ ಜಾಗದ ನೇರ ಕೆಳಗೆ ಅವರ ದೇವರ ಕೋಣೆ, ಅಲ್ಲಿ ಸಿಖ್ಖರು ಗುರುವೆಂದೇ ಪೂಜಿಸುವ ಗುರು ಗ್ರಂಥ ಸಾಹಿಬ್, ಬೀಜಿಯ ಬಾಯಲ್ಲಿ ಬಾಬಾಜಿ. ಗ್ರಂಥದ ಮೇಲೆ ಯಾರೂ ಕಾಲಿಡಬಾರದು, ಅದಕ್ಕೇ ಮಂಚ ಅಡ್ಡ ಇಟ್ಟಿದ್ದು. ಬಾಬಾಜಿಯ ನೆತ್ತಿಯ ಮೇಲೆ ಕೂತಿದ್ದೀರಲ್ಲೇ ಎಂದು ಬೀಜಿ ಅತ್ತೇಬಿಟ್ಟಿದ್ದರು.

“ಗಿರೀಶ್, ಏಳ್ರೀ,” ಎಂದೆ. “ಈಗಿಂದೀಗ ಏಳ್ರೀ.”

ಪೊಲೀಸರು ಬಂದರೆಂದೇ ತಿಳಿದು ಅವರು ಜಿಗಿದೆದ್ದರು. ವಿಷಯ ಹೇಳಿದ ಮೇಲೆ ಹಲಗೆಯ ಅಂಚಿನಾಚೆ ಮಂಡಿಯೂರಿ, ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ಕರವಸ್ತ್ರಕ್ಕೆ ಹಾಕಿಕೊಳ್ಳತೊಡಗಿದರು. ನಾನು ದುಪಟ್ಟಾ ತಲೆಗೆ ಹೊದ್ದು ಅಂಚುಗಳನ್ನು ನೋಡಿದೆ. ನಾಲ್ಕು ಮೂಲೆಗೂ ಹಲಗೆಯಲ್ಲಿ ಒಂದೊಂದು ದುಂಡು ತೂತು. ಕಟಕಟೆಯಂತೆ ಗೂಟ ನೆಟ್ಟು ಸುತ್ತ ತಡೆ ಕಟ್ಟಿದ್ದಿರಬೇಕು. ಗ್ರಂಥದ ಮೇಲೆ ಯಾವಾಗಲೂ ಬಟ್ಟೆಯ ಮೇಲ್ಕಟ್ಟು ಇರುತ್ತದೆ, ಅದನ್ನು ನಾಲ್ಕು ಮೂಲೆಗೆ ಕಟ್ಟಿ ತೂಗುಬಿಡುತ್ತಾರೆ. ಹಾಗಾದರೆ ಕೆಳಗೆ ನಾನು ತಕ್ಕಡಿಯದೆಂದು ತಿಳಿದ ಕೊಕ್ಕೆಗಳು?

ಅಷ್ಟರಲ್ಲಿ ಅಂಗಳದಲ್ಲಿ ಲಾರಿಯ ಸದ್ದು. ಡೇವಿಡ್ ಬಂದಿದ್ದ, ಜೊತೆಗೆ ಯಂತ್ರದವನು. ಕೆಳಗೆ ಲೂಪೆ ಅವರ ಹಿಂದೆಯೇ ಒಳಗೆ ಬಂದರು. ನಾನು ಮೇಲಿನಿಂದಲೇ ಕೂಗಿ ಹೇಳಿದೆ, ನನ್ನ ಇಂಗ್ಲಿಷು ಆ ಹೊತ್ತಿಗೆ ಮೂರು ತುಂಡಾಗಿತ್ತು. ಡೇವಿಡ್ ತೊಲೆಗಳ ಕಡೆ ನೋಡಿ, ಕೊಕ್ಕೆ ಎಲ್ಲ ಕಡೆಯೂ ಇವೆ ಎಂದ. ನಿಜವೇ.

ನನ್ನ ಚೀಲದಲ್ಲಿ ಗೌಂಡಿಗಳು ಗೋಡೆ ನೆಟ್ಟಗಿದೆಯೇ ನೋಡಲು ಇಳಿಬಿಡುವ ದಾರದ ಗುಂಡು ಯಾವಾಗಲೂ ಇರುತ್ತದೆ, ಕೆಲಸ ಬಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ. ಅದನ್ನು ಮೊದಲ ತೂತಿನಿಂದ ಕೆಳಗಿಳಿಸಿದೆ. ಗಿರೀಶರು ಕೆಳಗೆ ಓಡಿಹೋಗಿ ನಿಂತಿದ್ದರು. ದಾರದ ಪಕ್ಕದಲ್ಲೇ ಕೊಕ್ಕೆ ಇದೆ ಅಕ್ಕ ಎಂದು ಕೂಗಿದರು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು. ನಾಲ್ಕನೆಯದಕ್ಕೆ ಉತ್ತರ ಬರಲಿಲ್ಲ. ಹಲಗೆಯ ಮೇಲೆ ಮುಖವಿಟ್ಟು ತೂತಿನಿಂದ ನೋಡಿದೆ. ಡೇವಿಡ್ ತಲೆಯಾಡಿಸುತ್ತಿದ್ದ. ಯಂತ್ರದವನು ಬಾಗಿಲ ಕಡೆ ತಿರುಗಿದ್ದ. ಲೂಪೆ ಬಾಗಿಲಲ್ಲೇ ನಿಂತಿದ್ದರು, ಅವನು ಹೋಗಬೇಕಾದರೆ ಅವರನ್ನು ಸರಿಸಬೇಕಿತ್ತು.

“ಅಲ್ಲಿ ಬಣ್ಣ ದಪ್ಪ ಐತೇನ್ರಿ, ನೋಡ್ರಿ,” ಎಂದೆ.

ಗಿರೀಶರು ಡೇವಿಡ್‌ನ ಮುಖ ನೋಡಿದರು. ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಟೈರಿನ ರಾಶಿ ಹತ್ತಿ, ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಪರರ ತೊಲೆಯನ್ನು ಪರಪರ ಕೆರೆಯತೊಡಗಿದರು. ಬಿಳಿ ಬಣ್ಣ ಚಕ್ಕೆಚಕ್ಕೆಯಾಗಿ ಅವರ ಕನ್ನಡಕದ ಮೇಲೆ ಉದುರಿತು.

“ಅಕ್ಕ, ಮುರಿದಿದೆ,” ಎಂದರು. ಆಮೇಲೆ ಇನ್ನಷ್ಟು ಕೆರೆದು, “ಕೊಕ್ಕೆದೇ. ಬುಡ ಒಳಗೇ ಇದೆ.”

ಡೇವಿಡ್ ಬಂದು ಆ ತುಕ್ಕು ಹಿಡಿದ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿದ. ನಾಲ್ಕು ಕೊಕ್ಕೆಗಳನ್ನೂ ಒಂದರಿಂದ ಒಂದಕ್ಕೆ ನೋಡಿದ. ಆಮೇಲೆ ಮೆಟ್ಟಿಲು ಹತ್ತಿ ಬಂದ. ನಾನು ಆ ಜಾಗದ ಆಚೆ ಬದಿ, ಕಿಟಕಿಯ ಹತ್ತಿರ ನಿಂತಿದ್ದೆ. ಮೆಟ್ಟಿಲ ಮೇಲೆ ಮಲಗಿದವರ ಕಥೆ ಹೇಳಿದೆ, ಬೀಜಿಯ ಕಥೆ ಹೇಳಿದೆ, ಕೂಲಿ ಮಾಡಿ ದಣಿದು ಬಂದವರು ಇಷ್ಟು ಜಾಗವನ್ನು ಯಾವುದಕ್ಕೆ ಬಿಟ್ಟಾರು ಎಂದು ಕೇಳಿದೆ. ಅವನು ಕೇಳುತ್ತ ಕೇಳುತ್ತ ನನ್ನ ಕಡೆಗೆ ನಡೆದು ಬಂದ. ನೇರ ಬಂದರೆ ನಾಲ್ಕು ಹೆಜ್ಜೆ, ಗಟ್ಟಿ ಹಲಗೆ. ಸುತ್ತಿ ಬಂದರೆ ಕೊಳೆತ ನೆಲ. ಸವೆಯದ ಹಲಗೆಗಳ ಅಂಚಿನಲ್ಲಿ ಅವನ ದೊಡ್ಡ ಬೂಟು ನಿಂತಿತು.

ಅವನು ಗೋಡೆ ಹಿಡಿದುಕೊಂಡು ಸುತ್ತಿ ಬಂದ. ಆ ಭಾರಕ್ಕೆ ನೆಲ ಕಿರುಗುಟ್ಟಿತು, ಒಂದು ಹಲಗೆ ಬಾಗಿತು, ಆದರೂ ಸುತ್ತಿಯೇ ಬಂದ. ಕಿಟಕಿಯಿಂದ ತಲೆ ಹಾಕಿ, ಯಂತ್ರದವನಿಗೆ ಮನೆಗೆ ಹೋಗಲು ಹೇಳಿದ. ನನ್ನ ಕಡೆ ತಿರುಗಿ, ಕಮಿಟಿಯವರನ್ನು ಇನ್ನೊಮ್ಮೆ ಕರೆಸುತ್ತೇನೆ, ಅವರು ಏನು ಹೇಳುತ್ತಾರೋ ನೋಡೋಣ, ನಾನಾಗಿ ಕೆಡವುವುದಿಲ್ಲ ಎಂದ.

ಕಮಿಟಿಯ ತೀರ್ಮಾನ ನಾನು ಬೀದರಿಗೆ ಮರಳುವವರೆಗೂ ಬಂದಿರಲಿಲ್ಲ. ಕಟ್ಟಡ ಇಂದಿಗೂ ನಿಂತಿದೆ ಎಂದು ಗಿರೀಶರು ಮೊನ್ನೆ ಫೋನಿನಲ್ಲಿ ಹೇಳಿದರು. ಈಗ ತಿಂಗಳಿಗೊಮ್ಮೆ ಲೂಪೆಯನ್ನು ಅಲ್ಲಿಗೆ ಕರೆದೊಯ್ಯುವವರು ಅವರೇ.

ಆ ದಿನ ನಾನು ಕೆಳಗಿಳಿದು ಬಂದಾಗ ಲೂಪೆ ಬಾಗಿಲಲ್ಲಿ ಇರಲಿಲ್ಲ. ಹೊರಗೆ ಹೋದರೇನೋ ಎಂದುಕೊಂಡೆ. ಬಾಗಿಲ ಒಳಬದಿಯಲ್ಲಿ, ಗೋಡೆಗೆ ಒತ್ತಿ, ಟೈರಿನ ಕಪ್ಪು ಹತ್ತಿದ ಸಿಮೆಂಟು ನೆಲದ ಮೇಲೆ ಅವರು ಕೂತಿದ್ದರು. ಪಾದರಕ್ಷೆ ಪಕ್ಕದಲ್ಲಿತ್ತು. ಸ್ವೆಟರನ್ನು ತಲೆಯ ಮೇಲೆ ಹಾಕಿಕೊಂಡಿದ್ದರು. ಅಜ್ಜ ಬಾಗಿಲ ಹತ್ತಿರ ಕೂರುತ್ತಿದ್ದನೆಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಯಾವ ಕಡೆ ಮುಖ ಮಾಡಿ ಕೂರುತ್ತಿದ್ದನೆಂಬುದು ಗೊತ್ತಿರಲಿಲ್ಲ. ಮಡಚಲಾಗದ ಆ ಮೊಣಕಾಲುಗಳನ್ನು ಮಡಚಿಕೊಂಡು, ನಾಲ್ಕು ಕೊಕ್ಕೆಗಳ ಕೆಳಗಿನ ಖಾಲಿ ಜಾಗದ ಕಡೆಗೆ ತಿರುಗಿ ಕೂತಿದ್ದರು.